ದೊಡ್ಡ ಟಿವಿ ತಂದ ಮೇಲೆ ಚಿತ್ರ ಮಸುಕಾಯಿತು, ಟಿವಿಯೇ ಕೆಟ್ಟದ್ದಾ?

ಪ್ರಶ್ನೆ: ಮನೆಯಲ್ಲಿದ್ದ 32 ಇಂಚಿನ ಹಳೆಯ ಟಿವಿ ತೆಗೆದು 55 ಇಂಚಿನ 4ಕೆ ಟಿವಿ ತಂದಿದ್ದೇವೆ. ಸೆಟ್‌ಟಾಪ್ ಬಾಕ್ಸ್ ಮೇಲೆ ಎಚ್‌ಡಿ ಅಂತಲೇ ಬರೆದಿದೆ. ಎಚ್‌ಡಿಎಂಐ ಕೇಬಲ್‌ನಲ್ಲೇ ಜೋಡಿಸಿದ್ದೇವೆ. ರಿಮೋಟಿನಲ್ಲಿ ಇನ್ಫೋ ಬಟನ್ ಒತ್ತಿದರೆ 1080 ಎಂದು ತೋರಿಸುತ್ತದೆ. ಆದರೂ ಸುದ್ದಿ, ಧಾರಾವಾಹಿ ಎಲ್ಲಾ ಹಳೆಯ ಟಿವಿಗಿಂತ ಮಸುಕು. ಕೆಲವು ಚಾನೆಲ್‌ಗಳಲ್ಲಿ ಮುಖಗಳು ಅಗಲವಾಗಿ ಕಾಣುತ್ತವೆ. ಮ್ಯಾಚ್ ನೋಡುವಾಗ ಹುಲ್ಲೆಲ್ಲ ಕಲಸಿಹೋದಂತಿರುತ್ತದೆ. ಸಿನಿಮಾ ಹಾಕಿದರೆ ಮೇಲೆ ಕೆಳಗೆ ಕಪ್ಪು ಪಟ್ಟಿ, ಅದೂ ಸಾಲದೆಂದು ಸಿನಿಮಾ ಸೀರಿಯಲ್ ಥರ ಕಾಣುತ್ತದೆ. ಅಂಗಡಿಯವರು ಒಳ್ಳೆಯ ಕೇಬಲ್ ಹಾಕಿಸಿ ಎಂದು ದುಬಾರಿ ಕೇಬಲ್ ತೋರಿಸಿದರು. ಮಗ ಟಿವಿ ವಾಪಸ್ ಕೊಡೋಣ ಅನ್ನುತ್ತಿದ್ದಾನೆ. ವಾಪಸ್ ಕೊಡಲು ಇನ್ನು ಕೆಲವೇ ದಿನ ಉಳಿದಿದೆ. ನಾವು ಕೂರುವ ಸೋಫಾ ಟಿವಿಯಿಂದ ಸುಮಾರು 10 ಅಡಿ ದೂರದಲ್ಲಿದೆ. ಏನು ಮಾಡಬೇಕು?

ಉತ್ತರ:

ಇಷ್ಟು ವಿವರವಾಗಿ ಬರೆದದ್ದು ತುಂಬಾ ಒಳ್ಳೆಯದಾಯಿತು. ಮುಖ್ಯವಾಗಿ ಎಷ್ಟು ದೂರ ಕೂರುತ್ತೀರಿ ಎಂದು ಹೇಳಿದ್ದೀರಿ. ಹೆಚ್ಚಿನವರು ಅದನ್ನು ಬಿಟ್ಟೇ ಬಿಡುತ್ತಾರೆ, ಆದರೆ ನಿಮ್ಮ ಸಮಸ್ಯೆಯ ಅರ್ಧ ಉತ್ತರ ಅದರಲ್ಲೇ ಇದೆ.

ನಿಮ್ಮ ಚಿಂತೆ ಎರಡು. ಟಿವಿಯಲ್ಲೇ ದೋಷವಿದೆಯಾ, ಇಲ್ಲವಾದರೆ ಇನ್ನಷ್ಟು ದುಡ್ಡು ಸುರಿಯಬೇಕಾ. ವಾಪಸ್ ಕೊಡಲು ದಿನ ಕಡಿಮೆ ಇರುವುದರಿಂದ ಮೊದಲನೆಯದನ್ನು ಇವತ್ತೇ ಪರೀಕ್ಷೆ ಮಾಡಿಬಿಡಿ. ಖರ್ಚಿಲ್ಲದ ಕೆಲಸ. ನಿಮ್ಮ ಫೋನಿನಲ್ಲಿ ಹಗಲು ಬೆಳಕಿನಲ್ಲಿ ತೆಗೆದ ಒಳ್ಳೆಯ ಫೋಟೋ ಒಂದನ್ನು ಪೆನ್‌ಡ್ರೈವ್‌ಗೆ ಹಾಕಿ, ಟಿವಿಯ ಯುಎಸ್‌ಬಿ ಕಿಂಡಿಗೆ ಚುಚ್ಚಿ ನೋಡಿ. ವಾಟ್ಸ್ಆ್ಯಪ್‌ನಲ್ಲಿ ಬಂದ ಫೋಟೋ ಬೇಡ, ಅದನ್ನು ಕಳಿಸುವಾಗಲೇ ಚಿಕ್ಕದು ಮಾಡಿರುತ್ತಾರೆ. ಎಲೆ, ಕೂದಲು, ಬಟ್ಟೆಯ ನೇಯ್ಗೆ ಇರುವ ಫೋಟೋ ಆದರೆ ಒಳ್ಳೆಯದು. ಅದು ಟಿವಿಯಲ್ಲಿ ಚೂಪಾಗಿ, ಸ್ಪಷ್ಟವಾಗಿ ಕಂಡರೆ ನಿಮ್ಮ ಪ್ಯಾನೆಲ್, ಅಂದರೆ ಚಿತ್ರ ಮೂಡುವ ಪರದೆ, ಸರಿಯಾಗಿದೆ ಎಂದೇ ಅರ್ಥ. ಆಮೇಲೆ ಪೂರ್ತಿ ಬಿಳಿ, ಪೂರ್ತಿ ಕಪ್ಪು ಚಿತ್ರಗಳನ್ನೂ ಹಾಕಿ ನೋಡಿ. ಸತ್ತ ಚುಕ್ಕಿ (ಕೆಲಸ ಮಾಡದ ಪಿಕ್ಸೆಲ್), ಗೆರೆ, ಒಂದು ಮೂಲೆಯಲ್ಲಿ ಮಾತ್ರ ದೊಡ್ಡ ಮಂಕು ಕಲೆ ಕಂಡರೆ ಅದು ನಿಜವಾದ ದೋಷ. ಆಗ ತಡ ಮಾಡದೆ ಅಂಗಡಿಗೆ ಹೇಳಿ. ಇವು ಯಾವುವೂ ಇಲ್ಲದಿದ್ದರೆ ವಾಪಸ್ ಕೊಟ್ಟು ಇನ್ನೊಂದು ತಂದರೂ ಅದೇ ಮಸುಕು ಚಿತ್ರ ಬರುತ್ತದೆ, ಜೊತೆಗೆ ಅಷ್ಟು ದೊಡ್ಡ ತೆಳು ಪ್ಯಾನೆಲನ್ನು ಬಿಚ್ಚಿ ಕಟ್ಟಿ ಸಾಗಿಸುವಾಗ ಒಡೆಯುವ ಅಪಾಯ ಬೇರೆ. ನೀವು ಬರೆದಿರುವ ಲಕ್ಷಣಗಳನ್ನು ನೋಡಿದರೆ ನನಗೆ ಟಿವಿ ಮೇಲೆ ಅನುಮಾನವೇ ಇಲ್ಲ. ಟಿವಿ ಸರಿಯಿದೆ, ಅದಕ್ಕೆ ಬರುತ್ತಿರುವ ಚಿತ್ರ ಚಿಕ್ಕದು.

ಈಗ 1080 ಎಂಬ ಆ ಅಂಕಿಯ ವಿಷಯ. ಮನೆಮನೆಗೆ ಹೋಗಿ ಟಿವಿ ಜೋಡಿಸುವ ಕೆಲಸದಲ್ಲಿ ನಾನು ಅತಿ ಹೆಚ್ಚು ಬಿಡಿಸಿ ಹೇಳಬೇಕಾದ ಗೊಂದಲ ಇದೇ. ಟಿವಿ 1080 ಎಂದು ತೋರಿಸುತ್ತಿರುವುದು ಬಾಕ್ಸಿನಿಂದ ಟಿವಿಗೆ ಯಾವ ಅಳತೆಯಲ್ಲಿ ಸಿಗ್ನಲ್ ಬರುತ್ತಿದೆ ಎಂಬುದನ್ನು ಅಷ್ಟೇ. ಬಾಕ್ಸಿಗೆ ಚಾನೆಲ್‌ನಿಂದ ಏನು ಬಂತು ಎಂದು ಟಿವಿಗೆ ಗೊತ್ತಿರುವುದಿಲ್ಲ. ನೀವು ಎಸ್‌ಡಿ, ಅಂದರೆ ಎಚ್‌ಡಿ ಅಲ್ಲದ ಹಳೆಯ ಮಟ್ಟದ ಚಾನೆಲ್ ಹಾಕಿದರೂ ಎಚ್‌ಡಿ ಬಾಕ್ಸ್ ಆ ಚಿಕ್ಕ ಚಿತ್ರವನ್ನು ಹಿಗ್ಗಿಸಿ 1080 ಮಾಡಿಯೇ ಕಳಿಸುತ್ತದೆ. ಟಿವಿ ಅದನ್ನು ಇನ್ನೂ ಹಿಗ್ಗಿಸಿ 4ಕೆ ಮಾಡುತ್ತದೆ. ಎರಡು ಸಲ ಹಿಗ್ಗಿದ ಮೇಲೆ ನಿಮ್ಮ ಕಣ್ಣಿಗೆ ಬೀಳುತ್ತದೆ. ಒಂದು ಪಾಸ್‌ಪೋರ್ಟ್ ಫೋಟೋವನ್ನು ಗೋಡೆಯಷ್ಟು ದೊಡ್ಡದಾಗಿ ಪ್ರಿಂಟ್ ಹಾಕಿಸಿದ ಹಾಗೆ.

ಲೆಕ್ಕ ನೋಡಿದರೆ ಇದು ಇನ್ನೂ ಸ್ಪಷ್ಟ. ಎಸ್‌ಡಿ ಚಿತ್ರ ಹೆಚ್ಚೆಂದರೆ 720 ಅಡ್ಡ, 576 ಉದ್ದ, ಅಂದರೆ ಸುಮಾರು 4.15 ಲಕ್ಷ ಚುಕ್ಕಿ. ಕೆಲವು ದೇಶಗಳಲ್ಲಿ ಅದೂ ಇಲ್ಲ, 480 ಸಾಲು ಮಾತ್ರ. ಫುಲ್ ಎಚ್‌ಡಿ ಅಂದರೆ 1920 ಅಡ್ಡ, 1080 ಉದ್ದ, ಸುಮಾರು 20.7 ಲಕ್ಷ. ನಿಮ್ಮ 4ಕೆ ಟಿವಿಯಲ್ಲಿ 3840 ಅಡ್ಡ, 2160 ಉದ್ದ, ಸುಮಾರು 83 ಲಕ್ಷ. ಹಾಗಾಗಿ ಎಸ್‌ಡಿ ಚಾನೆಲ್ ನೋಡುವಾಗ ನಿಮ್ಮ ಟಿವಿಯ 20 ಚುಕ್ಕಿಗಳಲ್ಲಿ ಒಂದಕ್ಕೆ ಮಾತ್ರ ಹೊರಗಿಂದ ನಿಜವಾದ ಮಾಹಿತಿ ಬಂದಿರುತ್ತದೆ. ಉಳಿದ 19 ಅನ್ನು ಟಿವಿ ಅಂದಾಜಿನಲ್ಲಿ ತುಂಬಿಕೊಳ್ಳುತ್ತದೆ. ಒಳ್ಳೆಯ ಟಿವಿ ಚೆನ್ನಾಗಿ ಅಂದಾಜು ಮಾಡುತ್ತದೆ, ಸಾಧಾರಣ ಟಿವಿ ಅಷ್ಟು ಚೆನ್ನಾಗಿ ಮಾಡುವುದಿಲ್ಲ. ಆದರೆ ಕ್ಯಾಮೆರಾ ಹಿಡಿದು ಕಳಿಸದ ಕಣ್ಣರೆಪ್ಪೆಯನ್ನು ಯಾವ ಟಿವಿಯೂ ಹೊಸದಾಗಿ ತಂದುಕೊಡಲಾರದು.

ಹಾಗಾದರೆ ಅದೇ ಬಾಕ್ಸ್, ಅದೇ ಚಾನೆಲ್ ಹಳೆಯ ಟಿವಿಯಲ್ಲಿ ಚೆನ್ನಾಗಿ ಕಾಣುತ್ತಿತ್ತಲ್ಲ ಎಂದು ನೀವು ಕೇಳುತ್ತೀರಿ, ಅಲ್ವಾ? ನ್ಯಾಯವಾದ ಪ್ರಶ್ನೆ. ಇಲ್ಲಿಯೇ ನಿಮ್ಮ 10 ಅಡಿ ಬರುತ್ತದೆ.

ಸಾಮಾನ್ಯ ದೃಷ್ಟಿಯ ಕಣ್ಣು ಒಂದು ಡಿಗ್ರಿಯ 60ನೇ ಒಂದು ಭಾಗದಷ್ಟು ಚಿಕ್ಕ ವಿವರವನ್ನು ಬೇರ್ಪಡಿಸಿ ನೋಡಬಲ್ಲದು. ಅದಕ್ಕಿಂತ ಚಿಕ್ಕದಾದರೆ ಎಲ್ಲ ಬೆರೆತು ನುಣುಪಾಗಿ ಕಾಣುತ್ತದೆ. ಈ ಲೆಕ್ಕ ಹಿಡಿದರೆ 576 ಸಾಲಿನ ಎಸ್‌ಡಿ ಚಿತ್ರದ ಕೊರತೆ ಕಾಣದಿರಬೇಕಾದರೆ ಪರದೆಯ ಎತ್ತರದ ಸುಮಾರು 6 ಪಟ್ಟು ದೂರ ಕೂರಬೇಕು. 32 ಇಂಚಿನ ಟಿವಿಯ ಪರದೆ ಸುಮಾರು 40 ಸೆಂಟಿಮೀಟರ್ ಎತ್ತರ. ಅದರ 6 ಪಟ್ಟು ಅಂದರೆ 8 ಅಡಿಗೆ ಸ್ವಲ್ಪ ಕಡಿಮೆ. ನೀವು ಕೂರುತ್ತಿದ್ದದ್ದು 10 ಅಡಿಯಲ್ಲಿ. ಅಂದರೆ ಮಸುಕು ಆಗಲೂ ಇತ್ತು, ನಿಮ್ಮ ಕಣ್ಣಿಗೆ ಅದು ಸಿಗುತ್ತಿರಲಿಲ್ಲ. ಈಗ 55 ಇಂಚಿನ ಪರದೆಯ ಎತ್ತರ 68 ಸೆಂಟಿಮೀಟರಿಗೂ ಸ್ವಲ್ಪ ಜಾಸ್ತಿ. ಅದರ 6 ಪಟ್ಟು 13 ಅಡಿ ದಾಟುತ್ತದೆ. ಸೋಫಾ ಅಲ್ಲೇ ಇದೆ, ಚಿತ್ರದ ವಿಸ್ತೀರ್ಣ ಹತ್ತಿರ ಹತ್ತಿರ 3 ಪಟ್ಟಾಗಿದೆ. ಮೊದಲು ಅಡಗಿದ್ದ ದೋಷವೆಲ್ಲ ಈಗ ಎದುರಿಗೆ ಬಂದಿದೆ.

ಇದೇ ಲೆಕ್ಕದಲ್ಲಿ ಎಚ್‌ಡಿಗೆ ಪರದೆ ಎತ್ತರದ ಸುಮಾರು 3.2 ಪಟ್ಟು ದೂರ. ನಿಮ್ಮ ಟಿವಿಗೆ ಅದು 7 ಅಡಿ ಚಿಲ್ಲರೆ. 4ಕೆಯ ಪೂರ್ತಿ ವಿವರ ಕಾಣಬೇಕಾದರೆ ಸುಮಾರು ಮೂರೂವರೆ ಅಡಿಗೆ ಬರಬೇಕು. ಇವು ಗಡಿಗೆರೆ ಹಾಕಿದ ಹಾಗೆ ಖಂಡಿತವಾದ ಅಂಕಿಗಳಲ್ಲ, ಕಣ್ಣಿನಿಂದ ಕಣ್ಣಿಗೆ ವ್ಯತ್ಯಾಸ ಇರುತ್ತದೆ. ಆದರೆ ನಿಮ್ಮ ವಿಷಯದಲ್ಲಿ ಇದು ಹೇಳುವುದು ಇಷ್ಟು: ಎಸ್‌ಡಿಯಿಂದ ಒಳ್ಳೆಯ ಎಚ್‌ಡಿಗೆ ಬದಲಾದರೆ 10 ಅಡಿಯಿಂದ ವ್ಯತ್ಯಾಸ ತಕ್ಷಣ ಕಾಣುತ್ತದೆ. ಎಚ್‌ಡಿಯಿಂದ 4ಕೆಗೆ ಹೋದರೆ ಬರೀ ಚುಕ್ಕಿಗಳ ಲೆಕ್ಕದಿಂದ ನಿಮಗೆ ಹೆಚ್ಚೇನೂ ಸಿಗುವುದಿಲ್ಲ. 4ಕೆ ಎಂದು ಬರುವ ಕಾರ್ಯಕ್ರಮ ಚೆನ್ನಾಗಿ ಕಾಣುವುದು ಎಷ್ಟೋ ಸಲ ಅದರ ಜೊತೆ ಬರುವ ಎಚ್‌ಡಿಆರ್‌ನಿಂದ, ಅಂದರೆ ಬೆಳಕು ಕತ್ತಲೆಯ ಅಂತರ ಮತ್ತು ಬಣ್ಣ ಜಾಸ್ತಿ ಇರುವುದರಿಂದ. ಅದು ಬೇರೆಯೇ ವಿಷಯ.

ಹಾಗಾಗಿ ಮೊದಲು ನೋಡಬೇಕಾದದ್ದು ನೀವು ಹಾಕುತ್ತಿರುವ ಚಾನೆಲ್ ನಿಜವಾಗಿ ಎಚ್‌ಡಿಯಾ ಎಂದು. ಒಂದೇ ಚಾನೆಲ್ ಎಸ್‌ಡಿ, ಎಚ್‌ಡಿ ಎರಡರಲ್ಲೂ ಬರುವಾಗ ಎರಡಕ್ಕೂ ಬೇರೆ ಬೇರೆ ನಂಬರ್ ಇರುವುದೇ ಸಾಮಾನ್ಯ. ಹಳೆಯ ಅಭ್ಯಾಸದಲ್ಲಿ ಹಳೆಯ ನಂಬರ್ ಒತ್ತಿದರೆ ಬರುವುದು ಎಸ್‌ಡಿಯೇ. ಬಾಕ್ಸ್ ಎಚ್‌ಡಿ ಇದ್ದ ಮಾತ್ರಕ್ಕೆ ಚಾನೆಲ್ ತಾನಾಗಿ ಎಚ್‌ಡಿ ಆಗುವುದಿಲ್ಲ. ನಿಮ್ಮ ಪ್ಯಾಕಿನಲ್ಲಿ ಎಚ್‌ಡಿ ಚಾನೆಲ್‌ಗಳು ಸೇರಿವೆಯಾ ಎಂದೂ ನೋಡಿಕೊಳ್ಳಿ. ಹೊಸದಾಗಿ ದುಡ್ಡು ಕಟ್ಟುವ ಮುಂಚೆ ನೀವು ದಿನಾ ನೋಡುವ ಚಾನೆಲ್‌ಗಳಿಗೆ ಎಚ್‌ಡಿ ಇದೆಯೋ ಇಲ್ಲವೋ ಪಟ್ಟಿ ತೆಗೆದು ಪರೀಕ್ಷಿಸಿ. ನೋಡುವ ನಾಲ್ಕು ಚಾನೆಲ್ ಎಸ್‌ಡಿಯಲ್ಲೇ ಉಳಿದು, ನೋಡದ ನಲವತ್ತು ಚಾನೆಲ್ ಎಚ್‌ಡಿ ಆದರೆ ತಿಂಗಳು ತಿಂಗಳು ಸುಮ್ನೆ ಕಟ್ಟುತ್ತಾ ಹೋಗಬೇಕಾಗುತ್ತದೆ. ಇನ್ನೊಂದು ಮಾತು. ಎಚ್‌ಡಿ ಚಾನೆಲ್‌ನಲ್ಲೂ ಹಳೆಯ ಧಾರಾವಾಹಿ, ಹಳೆಯ ಸುದ್ದಿ ತುಣುಕು ಬಂದಾಗ ಅದು ಎಸ್‌ಡಿಯಲ್ಲೇ ಚಿತ್ರೀಕರಿಸಿದ್ದಾದರೆ ಮಸುಕಾಗಿಯೇ ಇರುತ್ತದೆ. ಚಾನೆಲ್ ಮೂಲೆಯಲ್ಲಿ ಎಚ್‌ಡಿ ಎಂಬ ಗುರುತು ಇದ್ದರೂ ಅಷ್ಟೇ.

ಬಾಕ್ಸಿನ ಸೆಟ್ಟಿಂಗ್‌ನಲ್ಲಿ ವಿಡಿಯೊ ಔಟ್‌ಪುಟ್ ಏನಿದೆ ಎಂದೂ ಒಮ್ಮೆ ನೋಡುವುದು ಒಳ್ಳೆಯದು. ನಿಮ್ಮದರಲ್ಲಿ 1080 ಬರುತ್ತಿದೆ, ಸರಿ. ಕೆಲವರ ಮನೆಯಲ್ಲಿ ಅದು 576ರಲ್ಲೇ ಕೂತಿರುತ್ತದೆ. ಇನ್ನು ಕೆಲವರು ಎಚ್‌ಡಿ ಬಾಕ್ಸನ್ನು ಹಳದಿ, ಕೆಂಪು, ಬಿಳಿ ಪಿನ್ನಿನ ಹಳೆಯ ವೈರಿನಲ್ಲೇ ಜೋಡಿಸಿರುತ್ತಾರೆ. ಆ ಹಳದಿ ಪಿನ್ನಿನಲ್ಲಿ ಎಚ್‌ಡಿ ಬರುವುದೇ ಇಲ್ಲ, ಎಷ್ಟು ದುಡ್ಡು ಕಟ್ಟಿದರೂ ಎಸ್‌ಡಿಯೇ. ಇದನ್ನು ಓದುತ್ತಿರುವ ಬೇರೆಯವರು ಟಿವಿ ಹಿಂದೆ ಒಮ್ಮೆ ಇಣುಕಿ ನೋಡಿ.

ದುಬಾರಿ ಕೇಬಲ್ ಬಗ್ಗೆ ಖಡಾಖಂಡಿತವಾಗಿ ಹೇಳುತ್ತೇನೆ, ಬೇಡ. ಎಚ್‌ಡಿಎಂಐಯಲ್ಲಿ ಹೋಗುವುದು ಡಿಜಿಟಲ್ ಸಿಗ್ನಲ್. ಕೇಬಲ್ ಕೆಟ್ಟರೆ ಚಿತ್ರ ಸ್ವಲ್ಪ ಮಸುಕು, ಸ್ವಲ್ಪ ಬಣ್ಣಗೆಟ್ಟದ್ದು ಆಗುವುದಿಲ್ಲ. ಪರದೆ ತುಂಬ ಮಿಣುಕು ಚುಕ್ಕಿ ಬರುತ್ತದೆ, ಆಗಾಗ ಕಪ್ಪಾಗುತ್ತದೆ, ಇಲ್ಲವೇ ಸಿಗ್ನಲ್ಲೇ ಇಲ್ಲ ಎನ್ನುತ್ತದೆ. ನಿಮ್ಮಲ್ಲಿ ಇದು ಯಾವುದೂ ಇಲ್ಲ. ಹಾಗಾಗಿ ಈಗಿರುವ ಕೇಬಲ್ ತನ್ನ ಕೆಲಸ ಸರಿಯಾಗಿ ಮಾಡುತ್ತಿದೆ. ಚಿನ್ನದ ಲೇಪ ಇರುವ ಪಿನ್ನು ತುಕ್ಕು ಹಿಡಿಯದಂತೆ ಕಾಪಾಡುತ್ತದೆ, ಚಿತ್ರವನ್ನು ಚೆಂದ ಮಾಡುವುದಿಲ್ಲ. ಮುಂದೆ ಎಚ್‌ಡಿಆರ್ ಇರುವ 4ಕೆ ಪ್ಲೇಯರ್ ಜೋಡಿಸುವುದಾದರೆ ಸೆಕೆಂಡಿಗೆ 18 ಗಿಗಾಬಿಟ್ ಸಾಗಿಸುವ, ಪ್ರೀಮಿಯಂ ಹೈ ಸ್ಪೀಡ್ ಎಂಬ ದೃಢೀಕರಣದ ಚೀಟಿ ಇರುವ ಕೇಬಲ್ ಸಾಕು. ಹೊಸ ಗೇಮ್ ಕನ್ಸೋಲ್‌ನಲ್ಲಿ 4ಕೆಯನ್ನು ಸೆಕೆಂಡಿಗೆ 120 ಚಿತ್ರಗಳಂತೆ ಆಡುವವರಿಗೆ ಮಾತ್ರ 48 ಗಿಗಾಬಿಟ್‌ನ ಅಲ್ಟ್ರಾ ಹೈ ಸ್ಪೀಡ್ ಬೇಕಾಗುತ್ತದೆ. ಎರಡರಲ್ಲೂ ಚೀಟಿ ನೋಡಿ, ಬೆಲೆ ನೋಡಬೇಡಿ. ತುಂಬಾ ಉದ್ದದ ಕೇಬಲ್ ಬೇಕಾದಾಗ ಮಾತ್ರ ಗುಣಮಟ್ಟ ನಿಜವಾಗಿ ಮುಖ್ಯವಾಗುತ್ತದೆ.

ಇನ್ನು ಮ್ಯಾಚಿನ ಹುಲ್ಲು. ನೀವು ಎಚ್‌ಡಿ ಚಾನೆಲ್‌ಗೆ ಬದಲಾದ ಮೇಲೂ ಇದು ಪೂರ್ತಿ ಹೋಗದಿರಬಹುದು, ಅದಕ್ಕೆ ಮೊದಲೇ ಹೇಳಿಬಿಡುತ್ತೇನೆ. ಎಚ್‌ಡಿ ಎಂಬ ಮಾತು ಎಷ್ಟು ಚುಕ್ಕಿ ಇದೆ ಎಂದು ಹೇಳುತ್ತದೆ. ಆ ಚುಕ್ಕಿಗಳನ್ನು ಎಷ್ಟು ಹಿಂಡಿ, ಅಂದರೆ ಕಂಪ್ರೆಸ್ ಮಾಡಿ ಕಳಿಸಿದ್ದಾರೆ ಎಂದು ಹೇಳುವುದಿಲ್ಲ. ಹಿಂಡದೆ ಕಳಿಸಲು ಯಾವ ಕೇಬಲ್ ಕಂಪನಿಗೂ, ಉಪಗ್ರಹಕ್ಕೂ ಸಾಧ್ಯವಿಲ್ಲ. ಹಿಂಡುವ ರೀತಿ ಹೇಗೆಂದರೆ, ಹಿಂದಿನ ಚಿತ್ರಕ್ಕೂ ಈಗಿನ ಚಿತ್ರಕ್ಕೂ ಏನು ಬದಲಾಗಿದೆಯೋ ಮುಖ್ಯವಾಗಿ ಅದನ್ನು ಕಳಿಸುವುದು. ಸುದ್ದಿ ಓದುವವರು ಕೂತಲ್ಲೇ ಕೂತಿರುತ್ತಾರೆ, ಬದಲಾವಣೆ ಕಡಿಮೆ, ಚಿತ್ರ ಸ್ವಚ್ಛ. ಮೈದಾನದಲ್ಲಿ ಕ್ಯಾಮೆರಾ ಚೆಂಡಿನ ಹಿಂದೆ ಓಡಿದರೆ ಪ್ರತಿಯೊಂದು ಹುಲ್ಲಿನ ಎಸಳೂ ಬದಲಾಗುತ್ತದೆ. ಕೊಟ್ಟಿರುವ ಡೇಟಾ ಸಾಲದೆ ಚಿತ್ರ ಚೌಕ ಚೌಕವಾಗಿ ಒಡೆಯುತ್ತದೆ, ಹುಲ್ಲು ಹಸಿರು ಬಣ್ಣ ಬಳಿದಂತೆ ಆಗುತ್ತದೆ. ಮಳೆ, ಹರಿಯುವ ನೀರು, ಹೊಗೆ, ಸ್ಟೇಜ್ ಮೇಲೆ ಮಿನುಗುವ ಲೈಟು, ಎಲ್ಲದರಲ್ಲೂ ಇದೇ ಕಥೆ. ಬ್ಲೂ-ರೇ ಡಿಸ್ಕ್‌ನಲ್ಲಿ ವಿಡಿಯೊಗೆ ಸೆಕೆಂಡಿಗೆ 40 ಮೆಗಾಬಿಟ್‌ವರೆಗೆ ಜಾಗ ಇದೆ. ಸ್ಟ್ರೀಮಿಂಗ್‌ನಲ್ಲಿ ನೆಟ್‌ಫ್ಲಿಕ್ಸ್ ಫುಲ್ ಎಚ್‌ಡಿಗೆ 5, 4ಕೆಗೆ 15 ಮೆಗಾಬಿಟ್ ವೇಗ ಇರಲಿ ಎಂದು ಸೂಚಿಸುತ್ತದೆ. ಬ್ಲೂ-ರೇ, ಸ್ಟ್ರೀಮಿಂಗ್‌ನ ಫುಲ್ ಎಚ್‌ಡಿ ಎರಡೂ 1080ಪಿ ಎಂದೇ ಕರೆಸಿಕೊಳ್ಳುತ್ತವೆ, ಆದರೆ ಎರಡರಲ್ಲಿರುವ ಮಾಹಿತಿಯ ಪ್ರಮಾಣ ಬೇರೆ. 2003ರಲ್ಲಿ ಬಂದ ಎಚ್.264, 2013ರಲ್ಲಿ ಬಂದ ಎಚ್‌ಇವಿಸಿ ಥರದ ಹೊಸ ವಿಧಾನಗಳು ಕಡಿಮೆ ಡೇಟಾದಲ್ಲಿ ಚೆನ್ನಾಗಿ ಹಿಂಡುತ್ತವೆ ನಿಜ. ಆದರೂ ಒಂದು ಮಿತಿ ಇದ್ದೇ ಇದೆ. ಪ್ರಸಾರದವರು ಹಿಂಡಿ ಬಿಸಾಡಿದ ವಿವರವನ್ನು ನಿಮ್ಮ ಮನೆಯಲ್ಲಿ ಯಾವ ಸೆಟ್ಟಿಂಗೂ ವಾಪಸ್ ತರುವುದಿಲ್ಲ. ಇದಕ್ಕಾಗಿ ಟಿವಿ ಬದಲಿಸಿದ ಎಷ್ಟೋ ಮನೆಗಳನ್ನು ನೋಡಿದ್ದೇನೆ, ನೋಡಿದಾಗಲೆಲ್ಲ ಬೇಸರವಾಗುತ್ತದೆ.

ಮುಖ ಅಗಲವಾಗುವುದಕ್ಕೆ ಕಾರಣ ಬೇರೆ. ಹಳೆಯ ಕಾರ್ಯಕ್ರಮಗಳು 4:3 ಅಳತೆಯವು. ನಿಮ್ಮ ಪರದೆ 16:9. ಅದನ್ನು ಎಳೆದು ಪೂರ್ತಿ ತುಂಬಿಸಿದರೆ ಎಲ್ಲರೂ ಮೂರನೇ ಒಂದು ಭಾಗದಷ್ಟು ದಪ್ಪಗಾಗುತ್ತಾರೆ. ಬಾಕ್ಸಿನಲ್ಲೂ ಟಿವಿಯಲ್ಲೂ ಪಿಕ್ಚರ್ ಸೈಜ್ ಎಂಬ ಸೆಟ್ಟಿಂಗ್ ಇರುತ್ತದೆ. ಬಾಕ್ಸಿನಲ್ಲಿ ಮೂಲ ಅಳತೆ ಉಳಿಸುವ ಆಯ್ಕೆ ಇಡಿ, ಟಿವಿಯಲ್ಲಿ 16:9 ಇಟ್ಟು, ಜೊತೆಗೆ ಸ್ಕ್ರೀನ್ ಫಿಟ್ ಅಥವಾ ಜಸ್ಟ್ ಸ್ಕ್ಯಾನ್ ಎಂಬುದಿದ್ದರೆ ಅದನ್ನು ಆನ್ ಮಾಡಿ. ಇಲ್ಲದಿದ್ದರೆ ಟಿವಿ ಅಂಚುಗಳನ್ನು ಸ್ವಲ್ಪ ಕತ್ತರಿಸಿ ಉಳಿದದ್ದನ್ನು ಹಿಗ್ಗಿಸುತ್ತದೆ, ಎಚ್‌ಡಿ ಚಿತ್ರವೂ ಅದರಿಂದ ಕೊಂಚ ಮೃದುವಾಗುತ್ತದೆ.

ಕಪ್ಪು ಪಟ್ಟಿ ದೋಷವಲ್ಲ, ಅದನ್ನು ಹಾಗೇ ಬಿಡಿ. ಎಷ್ಟೋ ಸಿನಿಮಾಗಳನ್ನು 2.39:1 ಅಳತೆಯಲ್ಲಿ ತೆಗೆದಿರುತ್ತಾರೆ. ಅದು ನಿಮ್ಮ ಟಿವಿಗಿಂತ ಅಗಲ. ಪೂರ್ತಿ ಚಿತ್ರ ತೋರಿಸಬೇಕಾದರೆ ಪರದೆಯ ಸುಮಾರು ಕಾಲು ಭಾಗ ಖಾಲಿ ಬಿಡಲೇಬೇಕು. ಜೂಮ್ ಮಾಡಿ ಪಟ್ಟಿ ತೆಗೆದರೆ ಎಡ ಬಲದಿಂದ ಅಷ್ಟೇ ಭಾಗ ಕತ್ತರಿಸಿಹೋಗುತ್ತದೆ. ಇಬ್ಬರು ಮಾತಾಡುವ ದೃಶ್ಯದಲ್ಲಿ ಒಬ್ಬರ ಅರ್ಧ ಮುಖವೇ ಇರುವುದಿಲ್ಲ. ನಿಮ್ಮದು ಓಎಲ್‌ಇಡಿ ಟಿವಿ ಆಗಿದ್ದು, ದಿನವಿಡೀ ಪಟ್ಟಿ ಇರುವ ಚಿತ್ರವನ್ನೋ ಒಂದೇ ಸುದ್ದಿ ಚಾನೆಲ್ಲನ್ನೋ ಹಾಕಿಡುವ ಅಭ್ಯಾಸ ಇದ್ದರೆ ಮಾತ್ರ ಸ್ವಲ್ಪ ಎಚ್ಚರ ಬೇಕು, ಕಾಲಾಂತರದಲ್ಲಿ ಕಲೆ ಉಳಿಯುವ ಸಂಭವ ಇದೆ. ಎಲ್‌ಇಡಿ ಟಿವಿ ಆದರೆ ಆ ಚಿಂತೆ ಬೇಡ. ಅದು ಒಳಗೆ ಎಲ್‌ಸಿಡಿಯೇ, ಹಿಂದಿನ ಬೆಳಕು ಮಾತ್ರ ಎಲ್‌ಇಡಿ.

ಸಿನಿಮಾ ಸೀರಿಯಲ್ ಥರ ಕಾಣುವುದನ್ನು ಸರಿಯಾಗಿ ಗಮನಿಸಿದ್ದೀರಿ. ಸಾಮಾನ್ಯವಾಗಿ ಸಿನಿಮಾ ಸೆಕೆಂಡಿಗೆ 24 ಚಿತ್ರಗಳು. ಟಿವಿ ತನ್ನಷ್ಟಕ್ಕೆ ನಡುನಡುವೆ ಇಲ್ಲದ ಚಿತ್ರಗಳನ್ನು ಹುಟ್ಟಿಸಿ ಚಲನೆಯನ್ನು ನುಣುಪು ಮಾಡುತ್ತದೆ. ಆಗ ಸಿನಿಮಾದ ಗುಣವೇ ಹೋಗಿಬಿಡುತ್ತದೆ, ನನಗಂತೂ ಅದನ್ನು ನೋಡಲಾಗುವುದಿಲ್ಲ. ಪಿಕ್ಚರ್ ಸೆಟ್ಟಿಂಗ್‌ನಲ್ಲಿ ಮೋಶನ್ ಎಂಬ ಹೆಸರು ಸೇರಿರುವ ಆಯ್ಕೆಯನ್ನು ಹುಡುಕಿ ಆಫ್ ಮಾಡಿ, ಒಂದೊಂದು ಕಂಪನಿ ಒಂದೊಂದು ಹೆಸರು ಇಟ್ಟಿರುತ್ತದೆ. 2019ರಲ್ಲಿ ಯುಎಚ್‌ಡಿ ಅಲಯನ್ಸ್ ಎಂಬ ಉದ್ಯಮದ ಒಕ್ಕೂಟ ಫಿಲ್ಮ್‌ಮೇಕರ್ ಮೋಡ್ ಎಂಬ ಆಯ್ಕೆಯನ್ನು ತಂದಿದೆ, ಅದು ನಿಮ್ಮ ಟಿವಿಯಲ್ಲಿದ್ದರೆ ಸಿನಿಮಾ ನೋಡುವಾಗ ಅದನ್ನೇ ಹಾಕಿ. ಮ್ಯಾಚ್ ನೋಡುವಾಗ ಈ ನುಣುಪು ಇಷ್ಟವಾದರೆ ಇಟ್ಟುಕೊಳ್ಳಿ, ತಪ್ಪೇನಿಲ್ಲ.

ಅದೇ ಮೆನುವಿನಲ್ಲಿ ಇರುವಾಗ ಇನ್ನೆರಡು ಕೆಲಸ ಮಾಡಿ. ಪಿಕ್ಚರ್ ಮೋಡ್ ವಿವಿಡ್ ಅಥವಾ ಡೈನಾಮಿಕ್ ಇದ್ದರೆ ಸಿನಿಮಾ ಅಥವಾ ಸ್ಟ್ಯಾಂಡರ್ಡ್‌ಗೆ ಬದಲಿಸಿ. ವಿವಿಡ್ ಅಂಗಡಿಯ ಝಗಮಗ ದೀಪಗಳ ನಡುವೆ ಎದ್ದು ಕಾಣಲಿ ಎಂದು ಇರುವುದು, ಮನೆಯ ಬೆಳಕಿಗಲ್ಲ. ಸಿನಿಮಾ ಮೋಡ್ ಮೊದಲ ದಿನ ಹಳದಿ ಅನ್ನಿಸುತ್ತದೆ, ಒಂದೆರಡು ದಿನ ಬಿಟ್ಟು ನೋಡಿ, ಕಣ್ಣು ಹೊಂದಿಕೊಳ್ಳುತ್ತದೆ. ಎರಡನೆಯದು ಶಾರ್ಪ್‌ನೆಸ್. ಚಿತ್ರ ಮಸುಕಾದಾಗ ಎಲ್ಲರೂ ಅದನ್ನು ಏರಿಸುತ್ತಾರೆ. ಅದು ಹೊಸ ವಿವರ ತರುವುದಿಲ್ಲ, ವಸ್ತುಗಳ ಅಂಚಿಗೆ ಬಿಳಿ ಗೆರೆ ಎಳೆಯುತ್ತದೆ, ಮತ್ತು ಹಿಂಡಿದ ಚಿತ್ರದ ಚೌಕಗಳನ್ನು ಇನ್ನಷ್ಟು ಎತ್ತಿ ತೋರಿಸುತ್ತದೆ. ನಿಮ್ಮ ಎಸ್‌ಡಿ ಚಾನೆಲ್‌ಗಳಿಗೆ ಅದನ್ನು ತೀರಾ ಕೆಳಗಿಳಿಸುವುದೇ ಒಳ್ಳೆಯದು, ನಾಯ್ಸ್ ರಿಡಕ್ಷನ್ ಕಡಿಮೆ ಮಟ್ಟದಲ್ಲಿ ಇರಲಿ. ಒಂದು ಎಚ್ಚರಿಕೆ: ವಿಡಿಯೊ ನೋಡಿಕೊಂಡು ರಿಮೋಟಿನಲ್ಲಿ ಗುಟ್ಟಿನ ಬಟನ್ ಒತ್ತಿ ಸರ್ವಿಸ್ ಮೆನುವಿಗೆ ಹೋಗಬೇಡಿ. ಅಲ್ಲಿ ತಪ್ಪಾದರೆ ಟಿವಿ ಚಾಲೂ ಆಗದೆಯೂ ಹೋಗಬಹುದು.

ಇಷ್ಟಾದ ಮೇಲೆ ನಿಮ್ಮ ಮುಂದೆ ಉಳಿಯುವ ದಾರಿ ಮೂರು. ನೋಡುವ ಚಾನೆಲ್‌ಗಳು ಎಚ್‌ಡಿಯಲ್ಲಿ ಸಿಗುವುದಾದರೆ ಆ ಪ್ಯಾಕ್ ಹಾಕಿಸಿಕೊಳ್ಳಿ, ನನ್ನ ಸಲಹೆ ಮೊದಲು ಅದೇ. ಸಿಗದಿದ್ದರೆ ಅದೇ ಕಾರ್ಯಕ್ರಮ ಚಾನೆಲ್‌ನ ಆ್ಯಪ್‌ನಲ್ಲಿ ಎಚ್‌ಡಿಯಲ್ಲಿ ಬರುತ್ತದೆಯಾ ನೋಡಿ, ಎಷ್ಟೋ ಸಲ ಬರುತ್ತದೆ. ಇದರ ತೊಂದರೆ ಎಂದರೆ ಇಂಟರ್‌ನೆಟ್ ವೇಗ ಕುಸಿದಾಗ ಆ್ಯಪ್ ಕೇಳದೆಯೇ ಚಿತ್ರದ ಮಟ್ಟ ಇಳಿಸುತ್ತದೆ, ಡೇಟಾಗೆ ಮಿತಿ ಇದ್ದರೆ ಬೇಗ ಮುಗಿಯುತ್ತದೆ. 5 ಮೆಗಾಬಿಟ್‌ನಲ್ಲಿ ಒಂದು ಗಂಟೆ ನೋಡಿದರೆ 2 ಗಿಗಾಬೈಟ್‌ಗಿಂತ ಜಾಸ್ತಿ ಹೋಗುತ್ತದೆ. ಸಾಧ್ಯವಾದರೆ ವೈಫೈ ಬದಲು ರೌಟರ್‌ನಿಂದ ಟಿವಿಗೆ ನೇರ ವೈರ್ ಎಳೆಯಿರಿ. ಮೂರನೆಯದು, ಎಸ್‌ಡಿಯನ್ನೇ ನೋಡುವುದು ಅನಿವಾರ್ಯವಾದರೆ ಸೋಫಾವನ್ನು ಇನ್ನೆರಡು ಮೂರು ಅಡಿ ಹಿಂದಕ್ಕೆ ಸರಿಸುವುದು. ಮಸುಕು ಕಡಿಮೆ ಕಾಣುತ್ತದೆ. ಆದರೆ ಎಚ್‌ಡಿ ಸಿನಿಮಾ ನೋಡುವಾಗ ಇಷ್ಟು ದೊಡ್ಡ ಟಿವಿಯ ಸುಖ ಅಷ್ಟರ ಮಟ್ಟಿಗೆ ಕೈತಪ್ಪುತ್ತದೆ, ಹಾಗಾಗಿ ಇದು ಕೊನೆಯ ದಾರಿ.

ಒಂದು ಒಳ್ಳೆಯ ಎಚ್‌ಡಿ ಚಾನೆಲ್ ಹಾಕಿ, ಸೆಟ್ಟಿಂಗ್ ಎಲ್ಲಾ ಬದಲಿಸಿದ ಮೇಲೂ ಚಿತ್ರ ಮಸುಕೇ ಇದ್ದರೆ, ಮತ್ತೆ ಬರೆಯಿರಿ. ಪೆನ್‌ಡ್ರೈವ್‌ನ ಫೋಟೋ ಹೇಗೆ ಕಂಡಿತು, ಟಿವಿಯ ಸ್ವಂತ ಆ್ಯಪ್‌ನಲ್ಲಿ ಚಿತ್ರ ಹೇಗಿದೆ, ಬಾಕ್ಸಿನ ಔಟ್‌ಪುಟ್ ಏನಿಟ್ಟಿದ್ದೀರಿ ಎಂಬ ಮೂರನ್ನೂ ಅದರಲ್ಲಿ ಸೇರಿಸಿ. ತೊಂದರೆ ಬಾಕ್ಸಿನಲ್ಲಿದೆಯೋ ಬೇರೆಲ್ಲೋ ಎಂದು ಆಗ ನೇರವಾಗಿ ಹೇಳಬಲ್ಲೆ.